ಸುಂಕದ ಕಟ್ಟೆಯ ಕಾಳಗ

1985ರ ಕೊನೆಯಲ್ಲಿ ಜಪಾನಿನ ನಿಂಟೆಂಡೊ ಕಂಪನಿಯವರು ನ್ಯೂಯಾರ್ಕಿನ ಆಟಿಕೆ ಅಂಗಡಿಗಳ ಬಾಗಿಲು ತಟ್ಟಿದಾಗ, ಅಲ್ಲಿನ ವ್ಯಾಪಾರಿಗಳಿಗೆ ವಿಡಿಯೊ ಗೇಮ್ ಎಂಬ ಮಾತೇ ಬೇಡವಾಗಿತ್ತು. ಎರಡು ವರ್ಷದ ಹಿಂದಷ್ಟೇ ಆ ವ್ಯಾಪಾರ ನೆಲಕಚ್ಚಿತ್ತು. ಅಟಾರಿ 2600 ಎಂಬ ಯಂತ್ರಕ್ಕೆ ಯಾರು ಬೇಕಾದರೂ ಗೇಮ್ ಮಾಡಿ ಮಾರಬಹುದಾಗಿದ್ದ ಕಾಲ ಅದು. ಅಟಾರಿಯಲ್ಲಿ ಹೆಸರೂ ಇಲ್ಲದೆ ಹೆಚ್ಚಿನ ಸಂಬಳವೂ ಇಲ್ಲದೆ ಬೇಸತ್ತ ಪ್ರೋಗ್ರಾಮರುಗಳು 1979ರಲ್ಲಿ ಹೊರಬಂದು ಆಕ್ಟಿವಿಷನ್ ಎಂಬ ಕಂಪನಿ ಕಟ್ಟಿ ಆ ದಾರಿ ತೆರೆದಿದ್ದರು. ಅವರು ಮಾಡಿದ ಗೇಮ್‌ಗಳು ಚೆನ್ನಾಗಿದ್ದವು. ಅವರ ಬೆನ್ನಿಗೆ ಗೇಮಿನ ಗಂಧವೇ ಇಲ್ಲದವರೂ ನುಗ್ಗಿದರು. ಕಳಪೆ ಕಾರ್ಟ್ರಿಜ್‌ಗಳು ಅಂಗಡಿಗಳಲ್ಲಿ ರಾಶಿ ಬಿದ್ದವು, ಬೆಲೆ ಕುಸಿಯಿತು. 1983ರ ಸೆಪ್ಟೆಂಬರಿನಲ್ಲಿ ಅಟಾರಿ ತನ್ನ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ಒಯ್ದು ನ್ಯೂ ಮೆಕ್ಸಿಕೊದ ಅಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತುಬಿಟ್ಟಿತು.

ಆ ಗುಂಡಿಯನ್ನು ನಿಂಟೆಂಡೊ ಅಧ್ಯಕ್ಷ ಹಿರೋಶಿ ಯಮೌಚಿ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಇಸ್ಪೀಟಿನಂಥ ಹನಫುಡ ಎಲೆಗಳನ್ನು ಮಾಡಿ ಮಾರಲು 1889ರಲ್ಲಿ ಕ್ಯೋಟೋದಲ್ಲಿ ಹುಟ್ಟಿದ ಕಂಪನಿ ಅದು. ಅಮೆರಿಕಕ್ಕೆ ಕಳಿಸಿದ ತನ್ನ ಯಂತ್ರದೊಳಗೆ ಅದು 10ಎನ್‌ಇಎಸ್ ಎಂಬ ಪುಟ್ಟ ಚಿಪ್ ಕೂರಿಸಿತು. ಅದರ ಜೋಡಿ ಚಿಪ್ ಪ್ರತಿ ಕಾರ್ಟ್ರಿಜ್‌ನಲ್ಲೂ ಇರಬೇಕು. ಎರಡೂ ಪರಸ್ಪರ ಗುರುತು ಹಿಡಿದರೆ ಗೇಮ್ ಓಡುತ್ತದೆ, ಇಲ್ಲದಿದ್ದರೆ ಯಂತ್ರ ಪದೇ ಪದೇ ರೀಸೆಟ್ ಆಗುತ್ತಲೇ ಇರುತ್ತದೆ. ಆ ಜೋಡಿ ಚಿಪ್ ಸಿಗುವುದು ನಿಂಟೆಂಡೊ ಬಳಿ ಮಾತ್ರ. ಗೇಮ್ ಲೋಕದ ಹೆದ್ದಾರಿಯ ಮೇಲೆ ಮೊದಲ ಗಟ್ಟಿ ಸುಂಕದ ಕಟ್ಟೆ ಎದ್ದದ್ದು ಹೀಗೆ.

ಕಟ್ಟೆ ದಾಟಲು ಬೇಕಾದ ಲೈಸೆನ್ಸಿನ ಷರತ್ತುಗಳನ್ನು ಇವತ್ತು ಓದಿದರೂ ಬೆವರು ಬರುತ್ತದೆ. ಒಬ್ಬ ಪ್ರಕಾಶಕ ವರ್ಷಕ್ಕೆ ಐದೇ ಗೇಮ್ ತರಬೇಕು. ಕಾರ್ಟ್ರಿಜ್‌ಗಳನ್ನು ನಿಂಟೆಂಡೊ ಮಾತ್ರ ತಯಾರಿಸುತ್ತದೆ, ಅದಕ್ಕೆ ಹಣ ಮುಂಗಡವಾಗಿ ಕಟ್ಟಬೇಕು, ಮಾರಾಟವಾಗದೆ ಉಳಿದರೆ ನಷ್ಟ ಪ್ರಕಾಶಕನದು. ಎಲ್ಲಕ್ಕಿಂತ ಬಿಗಿಯಾದದ್ದು ಇನ್ನೊಂದು: ನಿಂಟೆಂಡೊ ಯಂತ್ರಕ್ಕೆ ಬಂದ ಗೇಮ್ ಎರಡು ವರ್ಷ ಬೇರೆ ಯಾವ ಮನೆ ಯಂತ್ರಕ್ಕೂ ಹೋಗಕೂಡದು. ಎಕ್ಸ್‌ಕ್ಲೂಸಿವ್ ಎಂದರೆ ಕಂಪನಿಯೊಂದು ದುಡ್ಡು ಕೊಟ್ಟು ಕೊಳ್ಳುವ ಸವಲತ್ತು ಎಂದು ನಾವು ಇಂದು ತಿಳಿದಿದ್ದೇವೆ. ಅಂದು ನಿಂಟೆಂಡೊ ಅದಕ್ಕೆ ಬಿಡಿಗಾಸೂ ಕೊಡಲಿಲ್ಲ. ಪ್ರಕಾಶಕರೇ ದುಡ್ಡು ಕಟ್ಟಿ ಆ ಬೇಡಿಯನ್ನು ಕೈಗೆ ತೊಡಿಸಿಕೊಂಡರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿರಲಿಲ್ಲ, ಏಕೆಂದರೆ ಹತ್ತು ಗಿರಾಕಿಗಳಲ್ಲಿ ಎಂಟೊಂಬತ್ತು ಜನ ಕಟ್ಟೆಯ ಆಚೆಗೇ ಇದ್ದರು.

ಕೊನಾಮಿಯಂಥ ಚತುರರು ಅಲ್ಟ್ರಾ ಗೇಮ್ಸ್ ಎಂಬ ಇನ್ನೊಂದು ಹೆಸರಿನ ಕಂಪನಿ ತೆರೆದು ಐದರ ಮಿತಿಯನ್ನು ಹತ್ತು ಮಾಡಿಕೊಂಡರು. ಅಟಾರಿ ಗೇಮ್ಸ್ ಹಿಡಿದ ದಾರಿ ಇಷ್ಟು ನಯವಾಗಿರಲಿಲ್ಲ. ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ಸುಳ್ಳು ಹೇಳಿ 10ಎನ್‌ಇಎಸ್‌ನ ಕೋಡ್ ಪ್ರತಿ ಪಡೆದು, ಟೆಂಗೆನ್ ಎಂಬ ಹೆಸರಿನಲ್ಲಿ ಲೈಸೆನ್ಸಿಲ್ಲದ ಕಪ್ಪು ಕಾರ್ಟ್ರಿಜ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಜೊತೆಗೇ ನಿಂಟೆಂಡೊ ಏಕಸ್ವಾಮ್ಯ ನಡೆಸುತ್ತಿದೆ ಎಂದು ಕೋರ್ಟಿಗೂ ಹೋಯಿತು. ಏಕಸ್ವಾಮ್ಯದ ದೂರಿನಲ್ಲಿ ಹುರುಳಿತ್ತು, ಆದರೆ ಕದ್ದ ಕೋಡ್ ಕೈಯಲ್ಲಿಟ್ಟುಕೊಂಡವನ ಮಾತಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ? 1992ರಲ್ಲಿ ಮೇಲ್ಮನವಿ ನ್ಯಾಯಾಲಯವೂ ನಿಂಟೆಂಡೊ ಪರ ನಿಂತಿತು. ಅಷ್ಟರಲ್ಲಿ ಸರ್ಕಾರದ ಕಣ್ಣು ಬಿದ್ದದ್ದನ್ನು ಕಂಡು ನಿಂಟೆಂಡೊ ತಾನೇ ಎರಡು ವರ್ಷದ ಷರತ್ತನ್ನು ಕೈಬಿಟ್ಟಿತ್ತು.

ಇಲ್ಲೊಂದು ಮಾತು. ತೊಂಬತ್ತರ ದಶಕದಲ್ಲಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಮಕ್ಕಳು ಟಿವಿಗೆ ಸಿಕ್ಕಿಸಿ ಮಾರಿಯೊ, ಕಾಂಟ್ರಾ ಆಡಿದ ‘ವಿಡಿಯೊ ಗೇಮ್’ ಪೆಟ್ಟಿಗೆಗಳು ಬಹುಪಾಲು ನಿಂಟೆಂಡೊ ಯಂತ್ರದ ನಕಲುಗಳೇ. ಜಪಾನಿನಲ್ಲಿ ಮಾರಾಟವಾದ ಮೂಲ ಫ್ಯಾಮಿಕಾಮ್ ಯಂತ್ರದಲ್ಲಿ ಆ ಬೀಗದ ಚಿಪ್ ಇರಲೇ ಇಲ್ಲ. ನಕಲು ಮಾಡಿದವರು ಅದನ್ನೇ ನಕಲು ಮಾಡಿದರು. ಆ ಹಳದಿ ಕಾರ್ಟ್ರಿಜ್‌ಗಳು ಯಾವ ಕಟ್ಟೆಯಲ್ಲೂ ನಿಲ್ಲದೆ, ಯಾರಿಗೂ ಸುಂಕ ಕಟ್ಟದೆ ನಮ್ಮ ಮನೆಗಳಿಗೆ ಬಂದವು.

ನಿಂಟೆಂಡೊದ ಬಿಗಿಮುಷ್ಟಿಯೇ ಅದರ ಶತ್ರುಗಳನ್ನು ಬೆಳೆಸಿತು. ಎಲೆಕ್ಟ್ರಾನಿಕ್ ಆರ್ಟ್ಸ್ ಕಟ್ಟಿದ ಟ್ರಿಪ್ ಹಾಕಿನ್ಸ್, ಸೇಗಾ ಕಂಪನಿಯ ಜೆನೆಸಿಸ್ ಯಂತ್ರವನ್ನು ಬಿಚ್ಚಿ ನೋಡಿ, ಲೈಸೆನ್ಸ್ ಇಲ್ಲದೆಯೇ ಗೇಮ್ ಮಾಡುವ ದಾರಿ ಕಂಡುಕೊಂಡು, 1990ರಲ್ಲಿ ನೇರವಾಗಿ ಸೇಗಾದ ಎದುರು ಹೋಗಿ ಕೂತರು: ಕಡಿಮೆ ರಾಯಲ್ಟಿಗೆ ಒಪ್ಪುತ್ತೀರೋ, ಇಲ್ಲ ಸುಂಕವೇ ಇಲ್ಲದೆ ಮಾರಲೋ? ಸೇಗಾ ಒಪ್ಪಿತು. ಅದರಿಂದ ಸೇಗಾಗೆ ನಷ್ಟವಾಗಲಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಮ್ಯಾಡನ್ ಗೇಮ್ ಆ ಯಂತ್ರವನ್ನು ಅಲ್ಲಿನ ಹುಡುಗರ ಕೋಣೆಗಳಿಗೆ ಒಯ್ದಿತು.

ನಿಂಟೆಂಡೊ ತಾನೇ ಬೆಳೆಸಿಕೊಂಡ ದೊಡ್ಡ ಶತ್ರು ಸೋನಿ. ಸೂಪರ್ ನಿಂಟೆಂಡೊ ಯಂತ್ರಕ್ಕೆ ಸಿಡಿ ಡ್ರೈವ್ ಮಾಡಿಕೊಡಲು 1988ರಲ್ಲಿ ಇಬ್ಬರ ನಡುವೆ ಕರಾರಾಗಿತ್ತು. ಸಿಡಿಯಲ್ಲಿ ಬರುವ ಗೇಮ್‌ಗಳ ಲೈಸೆನ್ಸ್ ಹಕ್ಕು ಸೋನಿಗೆ ಎಂದು ಆ ಕರಾರಿನಲ್ಲಿತ್ತು. ಸಿಡಿಗಳೇ ನಾಳಿನ ದಾರಿಯಾದರೆ ಸುಂಕವೆಲ್ಲ ಸೋನಿಯ ಪಾಲಾಗುತ್ತದೆ ಎಂಬುದು ಯಮೌಚಿಗೆ ತಡವಾಗಿ ಹೊಳೆಯಿತು. 1991ರ ಜೂನ್‌ನಲ್ಲಿ ಶಿಕಾಗೋದ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಸೋನಿ ‘ಪ್ಲೇ ಸ್ಟೇಷನ್’ ಎಂಬ ಆ ಜಂಟಿ ಯಂತ್ರವನ್ನು ಪ್ರಕಟಿಸಿತು. ಮರುದಿನವೇ, ಅದೇ ಮೇಳದಲ್ಲಿ, ನಿಂಟೆಂಡೊ ತನ್ನ ಸಿಡಿ ಕೆಲಸಕ್ಕೆ ಸೋನಿಯ ಎದುರಾಳಿ ಫಿಲಿಪ್ಸ್ ಜೊತೆ ಕೈಜೋಡಿಸಿದ್ದಾಗಿ ಘೋಷಿಸಿತು. ಜಪಾನಿನ ಎರಡು ದೊಡ್ಡ ಮನೆತನಗಳ ನಡುವೆ ಇಂಥ ಬಹಿರಂಗ ಅವಮಾನ ಅಪರೂಪ. ಅದನ್ನು ನುಂಗಿಕೊಳ್ಳಲು ಆ ಯೋಜನೆಯ ಎಂಜಿನಿಯರ್ ಕೆನ್ ಕುತರಾಗಿ ಸಿದ್ಧರಿರಲಿಲ್ಲ. ಸೋನಿ ಅಧ್ಯಕ್ಷ ನೋರಿಯೊ ಓಗಾ ಬಳಿ ಪಟ್ಟು ಹಿಡಿದು ಸ್ವಂತ ಯಂತ್ರಕ್ಕೆ ಅಪ್ಪಣೆ ಪಡೆದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಸೇಡಿನ ಭಾಗವನ್ನು ಹಿಗ್ಗಿಸುತ್ತಾರೆ. ನನಗೆ ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದು. 1993ರಲ್ಲಿ ಸೋನಿ ಗೇಮ್‌ಗಾಗಿ ಕಟ್ಟಿದ ಕಂಪನಿಯಲ್ಲಿ ಅರ್ಧ ಬಲ ಸೋನಿ ಮ್ಯೂಸಿಕ್‌ನದು. ಹಾಡಿನ ಸಿಡಿ ಮಾರಿ ಪಳಗಿದ ಆ ಜನರಿಗೆ ಒಂದು ಲೆಕ್ಕ ಬಾಯಿಪಾಠವಾಗಿತ್ತು: ಮೊದಲು ಸ್ವಲ್ಪವೇ ಅಚ್ಚು ಹಾಕು, ಓಡಿದರೆ ಕೆಲವೇ ದಿನಗಳಲ್ಲಿ ಮತ್ತೆ ಹಾಕು. ಕಾರ್ಟ್ರಿಜ್‌ನಲ್ಲಿ ಇದು ಆಗದ ಮಾತು. ಅದರೊಳಗಿನ ಚಿಪ್ ದುಬಾರಿ, ತಯಾರಿಗೆ ತಿಂಗಳುಗಟ್ಟಲೆ ಬೇಕು, ಎಷ್ಟು ಬೇಕೆಂದು ಮೊದಲೇ ಊಹಿಸಿ ದುಡ್ಡು ಕಟ್ಟಬೇಕು. ಊಹೆ ತಪ್ಪಿದರೆ ಗೋದಾಮಿನ ತುಂಬ ಸಾಲ. ಸಿಡಿಯಾದರೋ ಅಗ್ಗ, ಸೋನಿ ಕೇಳುತ್ತಿದ್ದ ರಾಯಲ್ಟಿಯೂ ನಿಂಟೆಂಡೊದ್ದಕ್ಕಿಂತ ಹಗುರ. ಪ್ರಕಾಶಕರಿಗೆ ಬೇರೆ ಲಂಚವೇನೂ ಬೇಕಿರಲಿಲ್ಲ.

ಮೊದಲು ಬಂದದ್ದು ನಾಮ್ಕೊ. ಫ್ಯಾಮಿಕಾಮ್‌ನ ಆರಂಭದ ದಿನಗಳಲ್ಲಿ ನಿಂಟೆಂಡೊ ಆ ಕಂಪನಿಗೆ ವಿಶೇಷ ರಿಯಾಯಿತಿ ಕೊಟ್ಟಿತ್ತು. ಕರಾರು ನವೀಕರಿಸುವ ಹೊತ್ತಿಗೆ ಅದನ್ನು ಕಿತ್ತುಕೊಂಡಿತು. ನಾಮ್ಕೊ ಸ್ಥಾಪಕ ಮಸಾಯ ನಾಕಮುರ ಬಹಿರಂಗವಾಗಿಯೇ ಸಿಡಿದಿದ್ದರು. 1994ರ ಡಿಸೆಂಬರ್ 3ರಂದು ಪ್ಲೇಸ್ಟೇಷನ್ ಜಪಾನಿನ ಅಂಗಡಿಗೆ ಬಂದಾಗ ಅದರ ಪಕ್ಕದಲ್ಲೇ ಇದ್ದದ್ದು ನಾಮ್ಕೊದ ರಿಡ್ಜ್ ರೇಸರ್. ಮರುವರ್ಷ ಅಮೆರಿಕದಲ್ಲಿ ಸೇಗಾ ತನ್ನ ಸ್ಯಾಟರ್ನ್‌ಗೆ 399 ಡಾಲರ್ ಎಂದಾಗ ಸೋನಿ 299 ಎಂದು ಸಾರಿತು. ಯಂತ್ರದ ಮೇಲೆ ಬಿಟ್ಟುಕೊಟ್ಟದ್ದನ್ನು ಗೇಮಿನ ಮೇಲಿನ ಪಾಲಿನಲ್ಲಿ ತುಂಬಿಕೊಳ್ಳುವುದು ಈ ವ್ಯಾಪಾರದ ಗುಟ್ಟು. ಎಕ್ಸ್‌ಬಾಕ್ಸ್ ಯಂತ್ರಗಳ ಮೇಲೆ ತಾವು ಲಾಭ ಮಾಡಿಯೇ ಇಲ್ಲ ಎಂದು ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು 2021ರಲ್ಲಿ ಎಪಿಕ್–ಆ್ಯಪಲ್ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದರು. ಪೆಟ್ಟಿಗೆ ಬರೀ ನೆಪ, ಸುಂಕವೇ ಸಂಪಾದನೆ. ಆದ್ದರಿಂದಲೇ ಜನ ಯಾವ ಗೇಮಿಗಾಗಿ ಪೆಟ್ಟಿಗೆ ಕೊಳ್ಳುತ್ತಾರೋ ಆ ಗೇಮ್ ಎದುರಾಳಿಯ ಮನೆಗೆ ಹೋಗದಂತೆ ನೋಡಿಕೊಳ್ಳಲು ಕೋಟಿಗಟ್ಟಲೆ ಸುರಿಯುತ್ತಾರೆ.

ಅಂಥ ಗೇಮ್‌ಗಳಲ್ಲಿ ಫೈನಲ್ ಫ್ಯಾಂಟಸಿ ಏಳನೆಯದಕ್ಕೆ ಸಮನಾದದ್ದು ಬೇರೊಂದಿಲ್ಲ. ಮೊದಲ ಆರೂ ಭಾಗಗಳನ್ನು ಸ್ಕ್ವೇರ್ ಕಂಪನಿ ನಿಂಟೆಂಡೊ ಯಂತ್ರಗಳಿಗೇ ಮಾಡಿತ್ತು. ಏಳನೆಯದನ್ನು ಹಿರೋನೊಬು ಸಕಾಗುಚಿಯವರ ತಂಡ ಮೂರು ಆಯಾಮದ ದೃಶ್ಯಗಳಲ್ಲಿ, ಸಿನಿಮಾದಂಥ ತುಣುಕುಗಳೊಂದಿಗೆ ಕಲ್ಪಿಸಿಕೊಂಡಿತು. ಆದರೆ ನಿಂಟೆಂಡೊ ತನ್ನ ಹೊಸ 64 ಯಂತ್ರಕ್ಕೂ ಕಾರ್ಟ್ರಿಜ್ಜೇ ಎಂದು ಹಟ ಹಿಡಿದಿತ್ತು. ಸೂಪರ್ ಮಾರಿಯೊ 64 ಇದ್ದ ಕಾರ್ಟ್ರಿಜ್ಜಿನ ಹೊಟ್ಟೆ 8 ಮೆಗಾಬೈಟ್; ಒಂದು ಸಿಡಿಯದು 650ರಷ್ಟು. ಏಳನೆಯ ಫೈನಲ್ ಫ್ಯಾಂಟಸಿಗೆ ಅಂಥ ಮೂರು ಸಿಡಿ ಬೇಕಾದವು. 1996ರ ಆರಂಭದಲ್ಲಿ ಸ್ಕ್ವೇರ್ ತಾನು ಸೋನಿಯ ಕಡೆ ಹೋಗುತ್ತಿರುವುದನ್ನು ಪ್ರಕಟಿಸಿತು. 1997ರ ಜನವರಿ 31ರಂದು ಗೇಮ್ ಬಿಡುಗಡೆಯಾಗಿ ಜಪಾನಿನಲ್ಲಿ ಮೂರೇ ದಿನದಲ್ಲಿ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅಮೆರಿಕದಲ್ಲಿ ಅದನ್ನು ಸೋನಿಯೇ ಪ್ರಕಟಿಸಿ, ಸಿನಿಮಾಕ್ಕೆ ಮಾಡುವಂಥ ಪ್ರಚಾರ ಮಾಡಿತು. ಜಪಾನಿನ ಇನ್ನೊಂದು ಮನೆಮಾತಾದ ಡ್ರ್ಯಾಗನ್ ಕ್ವೆಸ್ಟ್ ಕೂಡ ಅದೇ ಜನವರಿಯಲ್ಲಿ ಪ್ಲೇಸ್ಟೇಷನ್ ಕಡೆ ವಾಲಿತು.

ಸೋನಿ ಸ್ಕ್ವೇರನ್ನು ‘ಕೊಂಡುಕೊಂಡಿತು’ ಎಂದು ಅಂದು ನಿಂಟೆಂಡೊ ಅಭಿಮಾನಿಗಳು ಗೊಣಗಿದರು. ನನಗೆ ಹಾಗೆನಿಸುವುದಿಲ್ಲ. ಕೊಂಡದ್ದು ಆಮೇಲೆ: ಫೈನಲ್ ಫ್ಯಾಂಟಸಿ ಹೆಸರಿನ ಸಿನಿಮಾ ಮಾಡಿ ಸ್ಕ್ವೇರ್ ಕೈಸುಟ್ಟುಕೊಂಡಾಗ, 2001ರಲ್ಲಿ, ಸೋನಿ 1,490 ಕೋಟಿ ಯೆನ್ ಕೊಟ್ಟು ಅದರ ಶೇ. 18.6 ಪಾಲು ತೆಗೆದುಕೊಂಡಿತು. 1996ರಲ್ಲಿ ಸ್ಕ್ವೇರನ್ನು ಹೊರದಬ್ಬಿದ್ದು ನಿಂಟೆಂಡೊದ ಕಾರ್ಟ್ರಿಜ್ ಹಟವೇ. ಲೆಕ್ಕ ಕೊನೆಗೆ ಹೀಗಾಯಿತು: ಪ್ಲೇಸ್ಟೇಷನ್ 10 ಕೋಟಿ ದಾಟಿತು, ನಿಂಟೆಂಡೊ 64 ಮೂರು ಕೋಟಿ 30 ಲಕ್ಷದ ಹತ್ತಿರ ನಿಂತಿತು, ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ.

ಗೆದ್ದ ಸೋನಿ ನಿಂಟೆಂಡೊದ ಹಳೆಯ ಕುರ್ಚಿಯಲ್ಲಿ ಕೂತು, ಹಳೆಯ ಚಟಗಳನ್ನೂ ಕಲಿಯಿತು. 1996ರಲ್ಲಿ ಟೂಂಬ್ ರೈಡರ್ ಯುರೋಪಿನಲ್ಲಿ ಮೊದಲು ಕಂಡದ್ದು ಸ್ಯಾಟರ್ನ್ ಮೇಲೆ. ಮರುವರ್ಷ ಸೋನಿ ಅದರ ಪ್ರಕಾಶಕ ಐಡೋಸ್ ಜೊತೆ ಕರಾರು ಮಾಡಿಕೊಂಡಿತು. 2000ದ ತನಕ ಆ ಗೇಮಿನ ನಾಯಕಿ ಲಾರಾ ಕ್ರಾಫ್ಟ್ ಬೇರೆ ಕನ್ಸೋಲ್ ಮೆಟ್ಟಿಲು ಹತ್ತುವಂತಿರಲಿಲ್ಲ. ಹೊಸ ಗೇಮ್ ಹುಟ್ಟಿಸಲು ಕೊಟ್ಟ ದುಡ್ಡಲ್ಲ ಅದು. ಇದ್ದ ಗೇಮನ್ನು ಪಕ್ಕದ ಮನೆಯಿಂದ ದೂರವಿಡಲು ಕೊಟ್ಟದ್ದು. ಈ ವ್ಯತ್ಯಾಸ ಈ ಚರಿತ್ರೆಯುದ್ದಕ್ಕೂ ಬೇಕಾಗುತ್ತದೆ.

2000ದ ಮಾರ್ಚ್‌ನಲ್ಲಿ ಬಿಲ್ ಗೇಟ್ಸ್ ಎಕ್ಸ್‌ಬಾಕ್ಸ್ ಪ್ರಕಟಿಸಿದಾಗ ಮೈಕ್ರೋಸಾಫ್ಟ್ ಬಳಿ ದುಡ್ಡಿತ್ತು, ಗೇಮ್ ಇರಲಿಲ್ಲ. ಕೊಳ್ಳಲು ಹೊರಟಿತು. ನಿಂಟೆಂಡೊವನ್ನೇ ಕೇಳಿದಾಗ ಅವರು ನಕ್ಕು ಕಳಿಸಿದರೆಂದು ಆ ತಂಡದಲ್ಲಿದ್ದ ಕೆವಿನ್ ಬ್ಯಾಕಸ್ ವರ್ಷಗಳ ನಂತರ ಹೇಳಿಕೊಂಡರು. ಬಂಜಿ ಎಂಬ ಚಿಕ್ಕ ಸ್ಟುಡಿಯೊ ಸಿಕ್ಕಿತು. ಅದರ ಹೇಲೊ ಗೇಮನ್ನು 1999ರ ಮ್ಯಾಕ್‌ವರ್ಲ್ಡ್ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಹೆಮ್ಮೆಯಿಂದ ತೋರಿಸಿದ್ದರು. ಮರುವರ್ಷ ಬಂಜಿ ಮೈಕ್ರೋಸಾಫ್ಟ್ ಪಾಲಾದಾಗ ಜಾಬ್ಸ್ ಕೆಂಡವಾದರು. 2002ರಲ್ಲಿ ನಿಂಟೆಂಡೊದ ನೆಚ್ಚಿನ ಬ್ರಿಟಿಷ್ ಸ್ಟುಡಿಯೊ ರೇರ್‌ಗೆ ಮೈಕ್ರೋಸಾಫ್ಟ್ 37.5 ಕೋಟಿ ಡಾಲರ್ ಕೊಟ್ಟಿತು. ಹೇಲೊ ಕೊಟ್ಟ ಫಲ ರೇರ್ ಕೊಡಲಿಲ್ಲ. ಸ್ಟುಡಿಯೊ ಕೊಂಡರೆ ಅದರ ಹುರುಪೂ ಜೊತೆಗೆ ಬರುತ್ತದೆಂಬ ಖಾತ್ರಿಯಿಲ್ಲ.

ಮೈಕ್ರೋಸಾಫ್ಟ್‌ನ ಜೇಬು ಕಂಡು ಸೋನಿಯ ಯುರೋಪ್ ವಿಭಾಗದ ಮುಖ್ಯಸ್ಥ ಕ್ರಿಸ್ ಡೀರಿಂಗ್ ಗಾಬರಿಯಾಗಿದ್ದರು. ಎಕ್ಸ್‌ಬಾಕ್ಸ್ ಬರುವ ಮೊದಲೇ ಒಳ್ಳೆಯ ಗೇಮ್‌ಗಳನ್ನು ಕಟ್ಟಿಹಾಕಬೇಕೆಂದು ಪ್ರಕಾಶಕರ ಬಳಿಗೆ ಹೋದೆವು ಎಂದು ಅವರೇ ಆಮೇಲೆ ವಿವರಿಸಿದ್ದಾರೆ. ಒಪ್ಪಿದವರಲ್ಲಿ ಟೇಕ್-ಟು ಒಂದು, ಗೇಮಿನ ಹೆಸರು ಗ್ರ್ಯಾಂಡ್ ಥೆಫ್ಟ್ ಆಟೊ. ಪ್ರತಿಫಲವಾಗಿ ಆ ಕಂಪನಿಗೆ ಸಿಕ್ಕಿದ್ದು ರಾಯಲ್ಟಿಯಲ್ಲಿ ರಿಯಾಯಿತಿ. ಸೋನಿ ಸೂಟ್‌ಕೇಸ್ ತುಂಬ ನೋಟು ಕೊಡಬೇಕಾಗಿರಲಿಲ್ಲ. ತನ್ನ ಸುಂಕದಲ್ಲಿ ಕಾಸಷ್ಟು ಕಡಿಮೆ ಮಾಡಿದರೆ ಸಾಕಾಯಿತು. ಮೂರನೆಯ ಭಾಗ ಅಷ್ಟು ದೊಡ್ಡದಾಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಹಿಂದಿನ ಎರಡು ಭಾಗಗಳು ಮೇಲಿನಿಂದ ನೋಡುವ ಸಾದಾ ಗೇಮ್‌ಗಳಾಗಿದ್ದವು. 2001ರ ಅಕ್ಟೋಬರಿನಲ್ಲಿ ಅದು ಪ್ಲೇಸ್ಟೇಷನ್ 2ಕ್ಕೆ ಬಂದಿತು, ಮುಂದಿನ ತಿಂಗಳು ಎಕ್ಸ್‌ಬಾಕ್ಸ್ ಅಂಗಡಿಗೆ ಬಂದಿತು. ಆ ಸುತ್ತಿನ ಕೊನೆಗೆ ಎಕ್ಸ್‌ಬಾಕ್ಸ್ 2.4 ಕೋಟಿ, ಪ್ಲೇಸ್ಟೇಷನ್ 2 ಹದಿನೈದೂವರೆ ಕೋಟಿಗೂ ಮೇಲೆ. ಅಗ್ಗವಾಗಿ ಮಾಡಿಕೊಂಡ ಕರಾರುಗಳಲ್ಲಿ ಇದಕ್ಕಿಂತ ಲಾಭ ತಂದದ್ದು ಈ ಉದ್ಯಮದಲ್ಲಿ ಇನ್ನೊಂದು ಇರಲಾರದು.

ಅಂದಹಾಗೆ, ಗ್ರ್ಯಾಂಡ್ ಥೆಫ್ಟ್ ಆಟೊ ಮಾಡುವ ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲೂ ಸ್ಟುಡಿಯೊ ಇದೆ. 1997ರಲ್ಲಿ ಇಲ್ಲೇ ಹುಟ್ಟಿ ವಿದೇಶಿ ಗೇಮ್‌ಗಳಿಗೆ ಚಿತ್ರಗಳನ್ನು, ಮಾಡೆಲ್‌ಗಳನ್ನು ಮಾಡಿಕೊಡುತ್ತಿದ್ದ ಧ್ರುವ ಇಂಟರ್‌ಆ್ಯಕ್ಟಿವ್ ಕಂಪನಿಯನ್ನು ರಾಕ್‌ಸ್ಟಾರ್ 2019ರಲ್ಲಿ ಕೊಂಡು ತನ್ನ ಭಾರತೀಯ ಘಟಕದೊಳಗೆ ಸೇರಿಸಿಕೊಂಡಿತು.

ಮುಂದಿನ ಸುತ್ತಿಗೆ ಮೈಕ್ರೋಸಾಫ್ಟ್ ಪಾಠ ಕಲಿತಿತ್ತು. 2006ರ ಇ3 ಮೇಳದಲ್ಲಿ ಅದರ ಅಧಿಕಾರಿ ಪೀಟರ್ ಮೂರ್ ಅಂಗಿಯ ತೋಳು ಮಡಚಿ, ಗ್ರ್ಯಾಂಡ್ ಥೆಫ್ಟ್ ಆಟೊ ನಾಲ್ಕರ ಹಚ್ಚೆ ತೋರಿಸಿದರು. ಗೇಮ್ ಎರಡೂ ಯಂತ್ರಗಳಿಗೆ ಒಂದೇ ದಿನ ಬಂದಿತು. ಅದರ ನಂತರದ ಎರಡು ಕಂತುಗಳು ಮೊದಲು ಎಕ್ಸ್‌ಬಾಕ್ಸ್‌ಗೆ ಬರಲೆಂದು ಮೈಕ್ರೋಸಾಫ್ಟ್ ಟೇಕ್-ಟುಗೆ ಕೊಟ್ಟದ್ದು 5 ಕೋಟಿ ಡಾಲರ್. 2010ರಲ್ಲಿ ಅವೂ ಪ್ಲೇಸ್ಟೇಷನ್ ಸೇರಿದವು. ಗೇಮ್ ತಯಾರಿಕೆ ಅಷ್ಟು ದುಬಾರಿಯಾಗಿತ್ತು. ಅರ್ಧ ಮಾರುಕಟ್ಟೆಯನ್ನು ಬಿಟ್ಟುಬಿಡಿ ಎಂದು ಪ್ರಕಾಶಕನನ್ನು ಒಪ್ಪಿಸಲು ಯಾವ ಮೊತ್ತವೂ ಸಾಲುತ್ತಿರಲಿಲ್ಲ. ಕರಾರುಗಳು ಕುಗ್ಗಿದವು: ಪೂರ್ತಿ ಗೇಮ್ ಬದಲು ಕೆಲವು ತಿಂಗಳ ಮುನ್ನಡೆ, ಒಂದೆರಡು ನಕ್ಷೆ, ಜಾಹೀರಾತಿನ ಕೊನೆಯಲ್ಲಿ ಲಾಂಛನ. ಕಾಲ್ ಆಫ್ ಡ್ಯೂಟಿಯ ಹೊಸ ನಕ್ಷೆಗಳು ವರ್ಷಗಳ ಕಾಲ ಮೊದಲು ಎಕ್ಸ್‌ಬಾಕ್ಸ್‌ಗೆ ಬರುತ್ತಿದ್ದವು, 2015ರಲ್ಲಿ ಆ ಸರದಿಯನ್ನು ಸೋನಿ ಕೊಂಡಿತು. ರೈಸ್ ಆಫ್ ದ ಟೂಂಬ್ ರೈಡರ್ ಎಕ್ಸ್‌ಬಾಕ್ಸ್‌ಗೆ ಮೀಸಲು ಎಂದು 2014ರಲ್ಲಿ ಸಾರಿದಾಗ ಅಭಿಮಾನಿಗಳು ಸಿಡಿಮಿಡಿಗೊಂಡರು. ಕರಾರಿಗೆ ಅವಧಿಯಿದೆ ಎಂದು ಮೈಕ್ರೋಸಾಫ್ಟ್‌ನ ಫಿಲ್ ಸ್ಪೆನ್ಸರ್ ಒಪ್ಪಬೇಕಾಯಿತು. ಕಾದು ಕೂತವರಿಗೆ ಗೇಮ್ ಪ್ಲೇಸ್ಟೇಷನ್‌ನಲ್ಲೂ ಸಿಕ್ಕಿತು. ಈ ಸಣ್ಣ ಕರಾರುಗಳಿಂದ ಆಟಗಾರನಿಗೆ ಆದ ಲಾಭವೇನೆಂದು ನಾನು ಎಷ್ಟು ಹುಡುಕಿದರೂ ಕಾಣುವುದಿಲ್ಲ.

ಬಾಡಿಗೆಗೆ ಗೇಮ್ ಸಿಗದಿದ್ದರೆ ಕಂಪನಿಯನ್ನೇ ಕೊಳ್ಳುವುದು ಮುಂದಿನ ಹೆಜ್ಜೆ. 2020ರಲ್ಲಿ ಮೈಕ್ರೋಸಾಫ್ಟ್ ಬೆಥೆಸ್ಡಾದ ಒಡೆಯ ಜೆನಿಮ್ಯಾಕ್ಸ್‌ಗೆ 750 ಕೋಟಿ ಡಾಲರ್ ಎಂದಿತು. 2022ರ ಜನವರಿ 18ರಂದು ಕಾಲ್ ಆಫ್ ಡ್ಯೂಟಿಯ ಒಡೆಯ ಆಕ್ಟಿವಿಷನ್ ಬ್ಲಿಜಾರ್ಡ್‌ಗೆ 6,870 ಕೋಟಿ ಡಾಲರ್. ಹೆಸರೂ ಸಂಬಳವೂ ಸಾಲದೆ ಅಟಾರಿಯಿಂದ ಹೊರಬಿದ್ದ ನಾಲ್ಕು ಜನರ ಕಂಪನಿ ಈಗ ಸುಂಕದ ಕಟ್ಟೆಯವರ ಜಗಳದ ವಸ್ತುವಾಗಿತ್ತು.

ಅಮೆರಿಕದ ವ್ಯಾಪಾರ ಆಯೋಗ ಆಕ್ಟಿವಿಷನ್ ಖರೀದಿಯನ್ನು ತಡೆಯಲು ಹೋದದ್ದರಿಂದ 2023ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಲಯದಲ್ಲಿ, ನ್ಯಾಯಾಧೀಶೆ ಜಾಕ್ವೆಲಿನ್ ಸ್ಕಾಟ್ ಕಾರ್ಲಿ ಅವರೆದುರು, ಮೂವತ್ತು ವರ್ಷ ಮುಚ್ಚಿಟ್ಟಿದ್ದ ಲೆಕ್ಕಪುಸ್ತಕಗಳು ಬಿಚ್ಚಿಕೊಂಡವು. ಸೋನಿ ಸಲ್ಲಿಸಿದ ಕಾಗದದಲ್ಲಿ ಗುಟ್ಟಿನ ಅಂಕಿಗಳ ಮೇಲೆ ಯಾರೋ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದಿದ್ದರು. ಸ್ಕ್ಯಾನ್ ಮಾಡಿದಾಗ ಅಡಿಯ ಅಕ್ಷರಗಳೆಲ್ಲ ಕಂಡವು. ದ ಲಾಸ್ಟ್ ಆಫ್ ಅಸ್ ಗೇಮಿನ ಎರಡನೆಯ ಭಾಗದ ತಯಾರಿಕೆಗೆ 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ. ಹಣ ಸುರಿದೇ ಸೋನಿಯನ್ನು ವ್ಯಾಪಾರದಿಂದ ಹೊರಹಾಕುವ ಸ್ಥಿತಿಯಲ್ಲಿ ನಾವಿದ್ದೇವೆ ಎಂದು ಮೈಕ್ರೋಸಾಫ್ಟ್‌ನ ಮ್ಯಾಟ್ ಬೂಟಿ 2019ರಲ್ಲಿ ಬರೆದ ಇಮೇಲ್ ಹೊರಬಿತ್ತು. ಸ್ಟಾರ್‌ಫೀಲ್ಡ್ ಗೇಮ್ ಎಕ್ಸ್‌ಬಾಕ್ಸ್‌ಗೆ ಬಾರದಂತೆ ಸೋನಿ ದುಡ್ಡು ಕೊಡುತ್ತದೆಂಬ ಸುದ್ದಿ ಕೇಳಿಯೇ ಬೆಥೆಸ್ಡಾ ಕೊಳ್ಳಬೇಕಾಯಿತು ಎಂದರು ಸ್ಪೆನ್ಸರ್. ಕಾಲ್ ಆಫ್ ಡ್ಯೂಟಿ ಹೊಸ ಎಕ್ಸ್‌ಬಾಕ್ಸ್‌ಗೆ ಬರಬೇಕಾದರೆ ನಿಮ್ಮ ಶೇ. 30ರ ಪಾಲು ಇಳಿಸಿ ಎಂದು ಆಕ್ಟಿವಿಷನ್ ಪಟ್ಟು ಹಿಡಿದು ಗೆದ್ದಿದ್ದೂ ತಿಳಿಯಿತು. ಹಾಕಿನ್ಸ್ 1990ರಲ್ಲಿ ಹೂಡಿದ ಪಟ್ಟೇ ಅದು.

ಇವೆಲ್ಲಕ್ಕಿಂತ ರುಚಿಕರವಾದದ್ದು ಅಂದಿನ ಪ್ಲೇಸ್ಟೇಷನ್ ಮುಖ್ಯಸ್ಥ ಜಿಮ್ ರಯಾನ್ ಅವರ ಇಮೇಲ್. ಈ ಖರೀದಿಯಿಂದ ಸ್ಪರ್ಧೆಯೇ ಸಾಯುತ್ತದೆಂದು ಸೋನಿ ಜಗತ್ತಿಗೆಲ್ಲ ಸಾರುತ್ತಿತ್ತು. ಆದರೆ ಖರೀದಿ ಪ್ರಕಟವಾದ ದಿನಗಳಲ್ಲಿ ರಯಾನ್ ಖಾಸಗಿಯಾಗಿ ಬರೆದದ್ದು, ಇದು ಗೇಮ್‌ಗಳನ್ನು ಎಕ್ಸ್‌ಬಾಕ್ಸ್‌ಗೆ ಮೀಸಲಿಡುವ ಆಟವೇ ಅಲ್ಲ, ಕಾಲ್ ಆಫ್ ಡ್ಯೂಟಿ ಇನ್ನೂ ಎಷ್ಟೋ ವರ್ಷ ನಮ್ಮಲ್ಲಿ ಇರುತ್ತದೆ ಎಂದು. ಬರೆದದ್ದು ಯಾರಿಗೆ? ಇಪ್ಪತ್ತು ವರ್ಷದ ಹಿಂದೆ ಗ್ರ್ಯಾಂಡ್ ಥೆಫ್ಟ್ ಆಟೊವನ್ನು ಕಟ್ಟಿಹಾಕಿದ್ದ ಅದೇ ಕ್ರಿಸ್ ಡೀರಿಂಗ್‌ಗೆ.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ ಕೂಡ ಸಾಕ್ಷಿ ಕಟ್ಟೆ ಹತ್ತಿದರು. ತಮ್ಮ ಕೈಯಲ್ಲಿದ್ದರೆ ಎಕ್ಸ್‌ಕ್ಲೂಸಿವ್ ಪದ್ಧತಿಯನ್ನೇ ತೆಗೆದುಹಾಕುತ್ತಿದ್ದೆ, ಆದರೆ ಮಾರುಕಟ್ಟೆಯ ಹಿರಿಯ ಸೋನಿ ಸ್ಪರ್ಧೆಯನ್ನು ಆ ರೀತಿ ರೂಪಿಸಿದೆ ಎಂದರು. ಮಾತು ಕೇಳಲು ಚೆಂದವಿದೆ. ಹೇಲೊ ಕೊಂಡು ಆಟಕ್ಕಿಳಿದ ಕಂಪನಿಯ ಬಾಯಲ್ಲಿ ಅದು ಅಷ್ಟೇನೂ ಒಪ್ಪುವುದಿಲ್ಲ. ಜುಲೈನಲ್ಲಿ ಕಾರ್ಲಿ ಖರೀದಿಯನ್ನು ತಡೆಯಲು ನಿರಾಕರಿಸಿದರು. ಕಾಲ್ ಆಫ್ ಡ್ಯೂಟಿ ಹತ್ತು ವರ್ಷ ಪ್ಲೇಸ್ಟೇಷನ್‌ನಲ್ಲಿ ಇರುತ್ತದೆಂದು ಸೋನಿ–ಮೈಕ್ರೋಸಾಫ್ಟ್ ಸಹಿ ಹಾಕಿದವು. 2023ರ ಅಕ್ಟೋಬರ್ 13ರಂದು ವ್ಯವಹಾರ ಮುಗಿಯಿತು.

ಅಷ್ಟು ಕೊಟ್ಟ ಮೇಲೆ ಆ ಹಣ ಹಿಂದಿರುಗಬೇಕಲ್ಲ. ಎಕ್ಸ್‌ಬಾಕ್ಸ್ ಕೊಂಡವರಿಗಷ್ಟೇ ಮಾರಿದರೆ ಅದು ಹಿಂದಿರುಗುವುದಿಲ್ಲ. 2024ರಲ್ಲಿ ನಾಲ್ಕು ಗೇಮ್‌ಗಳು ಎದುರಾಳಿಗಳ ಯಂತ್ರಗಳಿಗೆ ಹೋದವು, 2025ರಲ್ಲಿ ಇಂಡಿಯಾನಾ ಜೋನ್ಸ್, ಗಿಯರ್ಸ್ ಆಫ್ ವಾರ್ ಹಿಂಬಾಲಿಸಿದವು. ನಿಂಟೆಂಡೊ ಮಾತ್ರ ಮಾರಿಯೊನನ್ನು ಸೋನಿ, ಮೈಕ್ರೋಸಾಫ್ಟ್ ಕನ್ಸೋಲುಗಳಿಗೆ ಕಳಿಸಿಲ್ಲ; ತಾನೇ ಬೆಳೆಸಿದ ಗೇಮಿಗೆ ಕರಾರೂ ಬೇಡ, ಬಾಡಿಗೆಯೂ ಬೇಡ. ಈ ನಲವತ್ತು ವರ್ಷಗಳ ಜಮಾಖರ್ಚು ನೋಡಿದರೆ ನನ್ನ ತೀರ್ಪು ಇಷ್ಟು: ಗೇಮ್ ಹುಟ್ಟಿಸಲು ಹಾಕಿದ ದುಡ್ಡು ಹೆಚ್ಚಾಗಿ ಫಲ ಕೊಟ್ಟಿದೆ, ಇನ್ನೊಬ್ಬರಿಗೆ ಸಿಗದಂತೆ ತಡೆಯಲು ಹಾಕಿದ್ದು ಕೆಲಸ ಮಾಡಿದ್ದು ಡೀರಿಂಗ್ ಮಾಡಿದಂತೆ ಅಗ್ಗಕ್ಕೆ, ಬೇಗ ಸಿಕ್ಕಾಗ ಮಾತ್ರ. 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಹೇಲೊದ ಮೊದಲ ಕಥೆಯನ್ನು ಹೊಸದಾಗಿ ಮಾಡಿ ಪ್ಲೇಸ್ಟೇಷನ್ 5ಕ್ಕೂ ತರುವುದಾಗಿ ಘೋಷಿಸಿತು. ಅಲ್ಲಿ ಮಾರಾಟವಾಗುವ ಪ್ರತಿ ಹೇಲೊದಲ್ಲೂ ಸೋನಿಗೆ ಪಾಲಿದೆ.